ಜನ್ಮಪಾಪ ಮತ್ತು ಹೊಲಗೇರಿಯ ಕಿವಿ

ಒಂದು ಧರ್ಮವನ್ನು ಅದರ ದೇವರಿಂದ ಅಳೆಯಬಾರದು. ಎಲ್ಲ ಧರ್ಮಗಳ ದೇವರೂ ಒಳ್ಳೆಯವರೇ. ಆ ಧರ್ಮ ಏಳೆಂಟು ವರ್ಷದ ಮಕ್ಕಳ ಬಾಯಿಗೆ ಯಾವ ಮಾತು ಹಾಕುತ್ತದೆ ಅನ್ನೋದರಿಂದ ಅಳೆಯಬೇಕು. ನಮ್ಮ ಬಾಯಿಗೆ ಬಿದ್ದ ಮಾತು 'ಜನ್ಮಪಾಪ'. ಮನುಷ್ಯ ಹುಟ್ಟುವಾಗಲೇ ಪಾಪದ ಕಲೆ ಹೊತ್ತುಕೊಂಡು ಹುಟ್ಟುತ್ತಾನೆ, ಆದಾಮ ಹವ್ವೆಯರು ಮಾಡಿದ ತಪ್ಪು ವಂಶದಿಂದ ವಂಶಕ್ಕೆ ಇಳಿದು ನಮ್ಮ ತನಕ ಬಂದಿದೆ, ದೀಕ್ಷಾಸ್ನಾನದ ನೀರು ತಲೆ ಮೇಲೆ ಬೀಳುವ ತನಕ ಅದು ಹೋಗೋದಿಲ್ಲ. ಭಾನುವಾರದ ಪೂಜೆ ಮುಗಿದ ಮೇಲೆ ಜ್ಞಾನೋಪದೇಶದ ತರಗತಿಯಲ್ಲಿ ಕೂತು ಇದನ್ನು ರಾಗವಾಗಿ ಒಪ್ಪಿಸಿದೆವು. ಸೋಮವಾರ ಬೀದಿ ನಲ್ಲಿಯ ಹತ್ತಿರ ನಮ್ಮ ಹುಟ್ಟಿನ ಬಗ್ಗೆ ಇನ್ನೊಂದು ಮಾತು ಕೇಳಿದೆವು. ಅಲ್ಲೂ ಹುಟ್ಟೇ ತಪ್ಪು. ಅಲ್ಲೂ ತಪ್ಪು ಅಪ್ಪನಿಂದ ಮಗನಿಗೆ ಇಳಿಯುತ್ತದೆ. ಈ ಎರಡು ಮಾತುಗಳ ನಡುವೆ ಇರೋ ನಂಟು ಏನು ಅನ್ನೋದೇ ಈ ಬರಹದ ಪ್ರಶ್ನೆ.

ಕಥೆ, ಕವಿತೆ, ಕಾದಂಬರಿ ಮಾತ್ರ ವಿಮರ್ಶೆಗೆ ಯೋಗ್ಯ ಅಂತ ತಿಳಿದಿರೋ ಪಂಡಿತರಿಗೆ ಇದು ವಿಮರ್ಶೆಯಾಗಿ ಕಾಣಲಿಕ್ಕಿಲ್ಲ. ಏನು ಮಾಡೋಣ, ನಮ್ಮ ಮನೆಯಲ್ಲಿ ಕುವೆಂಪು ಇರಲಿಲ್ಲ, ಬೇಂದ್ರೆ ಇರಲಿಲ್ಲ. ಇದ್ದದ್ದು ಎರಡೇ ಪುಸ್ತಕ: ಪ್ರಾರ್ಥನೆಯದೊಂದು, ಜ್ಞಾನೋಪದೇಶದ್ದೊಂದು. ಓದು ಬಾರದ ಅವ್ವನಿಗೆ ಎರಡೂ ಬಾಯಲ್ಲೇ ಇದ್ದವು. ನಾವು ಕಲಿತ ಮೊದಲ ಗ್ರಾಂಥಿಕ ಕನ್ನಡ ಅದೇ. ಇಷ್ಟು ಮನೆಗಳಲ್ಲಿ, ಇಷ್ಟು ಸಲ, ಇಷ್ಟು ಭಕ್ತಿಯಿಂದ ಹೇಳಿಕೊಂಡ ಮಾತನ್ನು ಒಂದು ಪಠ್ಯವಾಗಿ ಎದುರಿಗಿಟ್ಟು ಓದದಿದ್ದರೆ ನಮ್ಮ ವಿಮರ್ಶೆ ಇನ್ಯಾವುದಕ್ಕೆ?

ನಾವು ಅಂದರೆ ಯಶವಂತಪುರದ ಯಾರ್ಡಿನಲ್ಲಿ ಮೂಟೆ ಹೊತ್ತವರ, ಆರ್.ಟಿ. ನಗರದ ಮನೆಗಳಲ್ಲಿ ಮುಸುರೆ ತಿಕ್ಕಿದವರ, ಹೆಬ್ಬಾಳ ಯಲಹಂಕದ ಕಡೆ ಕಟ್ಟಡಗಳು ಏಳುವಾಗ ಗಾರೆ ಕಲಸಿದವರ ಮಕ್ಕಳು. ತಾತ ಮುತ್ತಾತಂದಿರ ಕಾಲದಲ್ಲಿ ಊರ ಹೊರಗಿನ ಕೇರಿಯಿಂದ ಚರ್ಚಿಗೆ ನಡೆದವರು. ಮನೆತನದಲ್ಲಿ ಮೊದಲ ಸಲ ಡಿಗ್ರಿ ಮುಗಿಸಿದವರು. ಏಸುವಿನ ಮೇಲೆ ನಮಗೆ ಸಿಟ್ಟಿಲ್ಲ. ಬಡಗಿಯ ಮನೆಯಲ್ಲಿ ಬೆಳೆದು, ಕುಷ್ಠರೋಗಿಯನ್ನು ಮುಟ್ಟಿ, ದೇವಾಲಯದ ಚಿನಿವಾರರ ಮೇಜು ಉರುಳಿಸಿ, ಕೊನೆಗೆ ಊರ ಹೊರಗೆ ಸತ್ತವನು ನಮ್ಮವನೇ. ನಮ್ಮ ಜಗಳ ಇರೋದು ಅವನ ಹೆಸರಿನಲ್ಲಿ ನಮಗೆ ಕಲಿಸಿದ ಕೆಲವು ಪಾಠಗಳ ಜೊತೆ.

ಜಗಳಕ್ಕೆ ಮೊದಲು ಎರಡು ತಕರಾರಿಗೆ ಉತ್ತರ ಹೇಳಬೇಕು.

ಒಂದು, ಋಣದ ತಕರಾರು. 'ಅನ್ನ ಕೊಟ್ಟವರನ್ನೇ ಪ್ರಶ್ನೆ ಮಾಡ್ತೀರೇನೋ?' ಅಂತ ನಮ್ಮ ಅಜ್ಜಿಯರೇ ಕೇಳುತ್ತಾರೆ. ಆ ಮಾತಿನ ಹಿಂದೆ ಚರಿತ್ರೆಯಿದೆ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 1878ರ ಬರ, ಮೈಸೂರು ಸೀಮೆಯನ್ನು ಬರಿದು ಮಾಡಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಒಳಗೆ ಬಂತು. ತಬ್ಬಲಿ ಮಕ್ಕಳನ್ನು ಫ್ರೆಂಚ್ ಪಾದ್ರಿಗಳು ಎತ್ತಿಕೊಂಡು ಸಾಕಿದರು. ಹೆಸರಘಟ್ಟದ ಕಡೆಯ ಸಿಲುವೆಪುರ ಆ ಬರದ ಬೆನ್ನಿಗೆ ಹುಟ್ಟಿದ ಊರು. ಶಿಲುಬೆಯ ಹೆಸರೇ ಊರಿನ ಹೆಸರು. 'ಗಂಜಿಗೆ ಮತ ಮಾರಿಕೊಂಡವರು' ಅಂತ ಅಣಕಿಸೋರು, ಆ ಗಂಜಿಯನ್ನು ಊರವರೇ ಯಾಕೆ ಕೊಡಲಿಲ್ಲ ಅಂತ ಮೊದಲು ಹೇಳಲಿ. ಗಂಜಿಯ ಋಣ ನಾವು ಮರೆತಿಲ್ಲ. ಆದರೆ ಗಂಜಿ ಬೇರೆ, ಗಂಜಿಯ ಜೊತೆ ಬಂದ ಮಾತು ಬೇರೆ. ಋಣ ಇದೆ, ಆದ್ದರಿಂದ ಬಾಯಿ ಮುಚ್ಚಿಕೊಂಡಿರು ಅನ್ನೋದು ಜೀತದ ನೀತಿ.

ಎರಡು, ಹೊತ್ತಿನ ತಕರಾರು. 'ಹೊರಗಿನಿಂದ ಕಲ್ಲು ಬೀಳ್ತಿರೋವಾಗ ಒಳಗಿನಿಂದ ನೀವೂ ಎಸೀತೀರಾ?' 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಕಡೆ ಚರ್ಚುಗಳ ಮೇಲೆ ದಾಳಿ ನಡೆದ ಬೆನ್ನಿಗೇ ನಮ್ಮ ಹೆಬ್ಬಾಳದ ಪಕ್ಕದ ಮರಿಯಣ್ಣನಪಾಳ್ಯದ ಚರ್ಚಿಗೂ ದುಷ್ಕರ್ಮಿಗಳು ನುಗ್ಗಿದರು. 2022ರಲ್ಲಿ ಕರ್ನಾಟಕ ಸರ್ಕಾರ ಮತಾಂತರ ತಡೆಯುವ ಹೆಸರಿನ ಕಾಯ್ದೆ ತಂತು. ಅಪ್ರಾಪ್ತರು, ಬುದ್ಧಿ ಸ್ಥಿಮಿತವಿಲ್ಲದವರು, ಹೆಂಗಸರು, ಪರಿಶಿಷ್ಟರು, ಎಲ್ಲರನ್ನೂ ಅದು ಒಂದೇ ಸಾಲಿನಲ್ಲಿ ಕೂರಿಸಿತು. ಇವರನ್ನು ಮತಾಂತರ ಮಾಡಿದವರಿಗೆ ಹೆಚ್ಚು ಶಿಕ್ಷೆಯಂತೆ. ಯಾಕೆಂದರೆ ಆ ಕಾಯ್ದೆಯ ಕಣ್ಣಿನಲ್ಲಿ ದಲಿತನಿಗೂ ಹೆಣ್ಣಿಗೂ ಸ್ವಂತ ಬುದ್ಧಿ ಇಲ್ಲ. ನಮ್ಮ ಪ್ರಶ್ನೆ ಆ ಕಲ್ಲಲ್ಲ. ನಮಗೆ ಸ್ವಂತ ಬುದ್ಧಿ ಇದೆ ಅಂತ ತೋರಿಸೋಕೆ ಇರೋ ದಾರಿ ಆ ಬುದ್ಧಿಯನ್ನು ಎರಡೂ ಕಡೆಗೆ ಬಳಸೋದು.

ಈಗ ಪಠ್ಯಕ್ಕೆ ಬರೋಣ.

ನಮ್ಮ ಕಥೋಲಿಕರ ಮನೆಗಳಲ್ಲಿ ಎರಡು ಕನ್ನಡಗಳಿವೆ. ಒಂದು ಜನರ ನಾಲಿಗೆ ಮಾಡಿದ ಕನ್ನಡ. ಆ ನಾಲಿಗೆಯಲ್ಲಿ ಪೇತ್ರ ರಾಯಪ್ಪನಾದ, ಪೌಲ ಚಿನ್ನಪ್ಪನಾದ, ಇಗ್ನೇಷಿಯಸ್ ಇನ್ನಾಸಪ್ಪನಾದ, ಕ್ಸೇವಿಯರ್ ಚೌರಪ್ಪನಾದ. ದೂರದ ಸಂತರೆಲ್ಲ ನಮ್ಮ ಕೇರಿಯ ಜಗಲಿ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿರೋ ಅಪ್ಪಂದಿರಾದರು. ಇಷ್ಟು ಚೆಂದದ ಅನುವಾದವನ್ನು ಯಾವ ಪಂಡಿತನೂ ಮಾಡಿಲ್ಲ. ಇನ್ನೊಂದು ಉಪದೇಶದ ಕನ್ನಡ. ಜನ್ಮಪಾಪ, ನಿಷ್ಕಳಂಕ, ಪರಿಶುದ್ಧ, ಅಮಲೋದ್ಭವಿ. ಹೆಸರುಗಳು ಕೇರಿಯಲ್ಲಿ ಹುಟ್ಟಿದವು, ಸಿದ್ಧಾಂತ ಮಾತ್ರ ಅಗ್ರಹಾರದಿಂದ ಮಾತು ಕಡ ತಂತು.

'ಅಮಲೋದ್ಭವಿ' ಅನ್ನೋ ಒಂದೇ ಮಾತನ್ನು ಬಿಡಿಸಿ ನೋಡಿ. ಮರಿಯಮ್ಮನವರು ತಾಯಿಯ ಗರ್ಭದಲ್ಲಿ ಮೂಡಿದ ಗಳಿಗೆಯಿಂದಲೇ ಜನ್ಮಪಾಪದ ಕಲೆ ಇಲ್ಲದವರು ಅನ್ನೋ ಬೋಧನೆ ಅದು. 1854ರ ಡಿಸೆಂಬರ್ 8ರಂದು ಒಂಬತ್ತನೆಯ ಪಯಸ್ ಅದನ್ನು ಎಲ್ಲರೂ ನಂಬಲೇಬೇಕಾದ ಸತ್ಯ ಅಂತ ಸಾರಿದರು. ಡಿಸೆಂಬರ್ 8 ಈಗಲೂ ಹಬ್ಬ. ಕನ್ನಡದಲ್ಲಿ ಆ ಬೋಧನೆಗೆ ಸಿಕ್ಕ ಬಟ್ಟೆ ಯಾವುದು? ಮಲ ಇಲ್ಲದೆ ಉದ್ಭವಿಸಿದವಳು. ಸಂಸ್ಕೃತ ಬಲ್ಲವರಿಗೆ ಮಲ ಅಂದರೆ ಬರೀ ಕೊಳೆ, ದೋಷ. ನಮ್ಮ ಕೇರಿಗಳಿಗೆ ಮಲ ಅಂದರೆ ತಲೆ ಮೇಲೆ ಹೊತ್ತ ಬುಟ್ಟಿ. ಯಲಹಂಕ ಕ್ಷೇತ್ರವನ್ನು ಪ್ರತಿನಿಧಿಸಿದ್ದ ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದಾಗ ಆ ಬುಟ್ಟಿಯನ್ನು ಇಳಿಸಲು ಆದೇಶ ಮಾಡಿದರು. ಬುಟ್ಟಿ ಇಳಿಸೋಕೆ ಸರ್ಕಾರದ ಆದೇಶ ಬೇಕಾದ ಜನರ ಮಕ್ಕಳು, ಜಗತ್ತಿನ ಅತಿ ಪವಿತ್ರಳಾದ ತಾಯಿಯ ಹಿರಿಮೆ ಆಕೆ ಮಲವಿಲ್ಲದೆ ಮೂಡಿದ್ದು ಅಂತ ಹಾಡಬೇಕು. ಹಾಗಾದರೆ ನಮ್ಮನ್ನು ಹೆತ್ತ ಅವ್ವಂದಿರು ಯಾರು? ಈ ಪ್ರಶ್ನೆ ಮಕ್ಕಳ ಮನಸ್ಸಿನಲ್ಲಿ ಮೂಡುತ್ತದೆ. ಬಾಯಿಗೆ ಬರೋದಿಲ್ಲ ಅಷ್ಟೆ.

ಅದೇ ಬಸವಲಿಂಗಪ್ಪನವರು 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಮಂತ್ರಿ ಪದವಿ ಕಳೆದುಕೊಂಡರು. ದಲಿತ ಚಳವಳಿಗೆ ಅದು ಕಿಚ್ಚು ಹಚ್ಚಿತು. ಅವರು ಕೇಳಿದ್ದು ಕಾಳು ಯಾವುದು, ಬೂಸಾ ಯಾವುದು ಅನ್ನೋ ಪ್ರಶ್ನೆಯನ್ನು. ಆ ಮೊರವನ್ನೇ ನಾವು ಜ್ಞಾನೋಪದೇಶಕ್ಕೂ ಹಿಡಿಯುತ್ತಿದ್ದೇವೆ.

ಚರ್ಚಿನ ಪರವಾಗಿ ಹೇಳಬೇಕಾದ್ದನ್ನೂ ಹೇಳೋಣ. ಜನ್ಮಪಾಪದ ಬೋಧನೆಯನ್ನು ಗಟ್ಟಿ ಮಾಡಿದ್ದು ಉತ್ತರ ಆಫ್ರಿಕದ ಸಂತ ಅಗಸ್ಟೀನ್, ಕ್ರಿಸ್ತಶಕ ನಾಲ್ಕು ಐದನೆಯ ಶತಮಾನಗಳ ನಡುವೆ. 1546ರಲ್ಲಿ ಟ್ರೆಂಟ್ ಮಹಾಸಭೆ ಅದಕ್ಕೆ ಮುದ್ರೆ ಒತ್ತಿತು. 1992ರಲ್ಲಿ ರೋಮ್ ಹೊರತಂದ ದೊಡ್ಡ ಜ್ಞಾನೋಪದೇಶ ಗ್ರಂಥ, ಇದು ನಾವು ಮಾಡಿದ ಪಾಪವಲ್ಲ, ನಮಗೆ ಬಂದ ಒಂದು ಸ್ಥಿತಿ, ಇದು ಯಾರ ವೈಯಕ್ತಿಕ ತಪ್ಪೂ ಅಲ್ಲ ಅಂತ ವಿವರಿಸುತ್ತದೆ. ಓದಿಕೊಂಡ ಗುರುಗಳು ಇನ್ನೂ ಒಂದು ಮಾತು ಹೇಳುತ್ತಾರೆ: 'ಜನ್ಮಪಾಪ ಎಲ್ಲರಿಗೂ ಸಮ. ರಾಜನಿಗೂ ಇದೆ, ಜೀತದವನಿಗೂ ಇದೆ. ಜಗದ್ಗುರು ಪೋಪ್‌ಗೂ ಇದೆ, ನಿನಗೂ ಇದೆ. ಇದಕ್ಕಿಂತ ದೊಡ್ಡ ಸಮಾನತೆ ಯಾವುದಪ್ಪಾ?'

ಇದು ತಳ್ಳಿಹಾಕುವ ಮಾತಲ್ಲ. ಹುಟ್ಟಿನಿಂದಲೇ ನಾನು ಶ್ರೇಷ್ಠ ಅಂತ ಬೀಗೋ ಮನುಷ್ಯನ ಎದುರು ಜನ್ಮಪಾಪದ ಬೋಧನೆ ನಿಜಕ್ಕೂ ಬಂಡಾಯವೇ. 'ನಿನ್ನ ಹುಟ್ಟಿನಲ್ಲೂ ಕೊಳೆ ಇದೆ' ಅಂತ ಅದು ಅಗ್ರಹಾರಕ್ಕೆ ಹೇಳಿದ್ದಿದ್ದರೆ ನಾವು ತಮಟೆ ಹೊಡೆದು ಕುಣಿಯುತ್ತಿದ್ದೆವು. ಆದರೆ ಅದನ್ನು ಹೇಳಿದ್ದು ಯಾರಿಗೆ? ಸಾವಿರಾರು ವರ್ಷದಿಂದ ಹುಟ್ಟಿನ ಕೊಳೆಯ ಮಾತನ್ನೇ ಕೇಳಿ ಕೇಳಿ ಬೆನ್ನು ಬಗ್ಗಿದವರಿಗೆ. ಸೊಕ್ಕಿನ ರೋಗಕ್ಕೆ ಮಾಡಿದ ಕಷಾಯವನ್ನು ನಾಚಿಕೆಯ ರೋಗದವನಿಗೆ ಕುಡಿಸಿದರೆ ಏನಾಗುತ್ತದೆ? ಅವನ ನಾಚಿಕೆ ಇಮ್ಮಡಿಯಾಗುತ್ತದೆ. ಮಾತು ಒಂದೇ ಆದರೂ ಕಿವಿ ಒಂದೇ ಅಲ್ಲ. ಹೊಲಗೇರಿಯ ಕಿವಿಗೆ ಜನ್ಮಪಾಪ ಹೊಸ ಸುದ್ದಿಯಾಗಿ ಕೇಳಿಸಲಿಲ್ಲ, ಹಳೇ ತೀರ್ಪಿಗೆ ಇನ್ನೊಂದು ಸಾಕ್ಷಿಯಾಗಿ ಕೇಳಿಸಿತು.

ಇದನ್ನು ನಮಗಿಂತ ಬಹಳ ಮೊದಲೇ ಕಂಡವರು ಬಾಬಾಸಾಹೇಬರು. ಮತಾಂತರಗೊಂಡವರ ಸ್ಥಿತಿಯ ಬಗ್ಗೆ ಅವರು ಬರೆದಿಟ್ಟ ಪ್ರಬಂಧ ಅವರು ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ, 1989ರಲ್ಲಿ, ಅವರ ಸಮಗ್ರ ಬರಹಗಳ ಐದನೆಯ ಸಂಪುಟದಲ್ಲಿ ಅಚ್ಚಾಯಿತು. ಅದರ ತಿರುಳು ಇಷ್ಟು: ಅಸ್ಪೃಶ್ಯನು ಹಿಂದೂವಾಗಿದ್ದಾಗ ಅವನ ದುಃಸ್ಥಿತಿಗೆ ಕರ್ಮ ಕಾರಣ ಅಂದರು. ಅವನು ಕ್ರೈಸ್ತನಾದ ಮೇಲೆ ಆದಿ ಪೂರ್ವಜನ ಪಾಪ ಕಾರಣ ಅಂದರು. ಎರಡರಲ್ಲೂ ತಪ್ಪು ಅವನ ತಲೆಗೇ ಕಟ್ಟಲಾಯಿತು, ಅವನನ್ನು ತುಳಿದ ವ್ಯವಸ್ಥೆ ಎರಡರಲ್ಲೂ ನುಣುಚಿಕೊಂಡಿತು. ಗೆಳೆಯರೆ, ಈ ಮಾತು ನಮ್ಮ ಜ್ಞಾನೋಪದೇಶದ ಮೇಲೆ ಬಂದಿರುವ ಅತ್ಯುತ್ತಮ ವಿಮರ್ಶೆ. ನಮ್ಮ ತರಗತಿಗಳಲ್ಲಿ ಇದನ್ನು ಯಾರೂ ಓದಿಸಲಿಲ್ಲ.

ಇರಲಿ, ದೀಕ್ಷಾಸ್ನಾನದ ನೀರು ಜನ್ಮದ ಕಲೆಯನ್ನು ತೊಳೆಯುತ್ತದೆ ಅಂತಲೇ ಒಪ್ಪೋಣ. ಆದಾಮನ ಕಲೆಯನ್ನು ತೊಳೆದ ನೀರು ಮನುವಿನ ಕಲೆಯನ್ನು ಯಾಕೆ ತೊಳೆಯಲಿಲ್ಲ?

ಇದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ಡಿ ನೊಬಿಲಿ ಕಾವಿ ಉಟ್ಟು, ಕೆಳಜಾತಿಯವರ ಒಡನಾಟ ಬಿಟ್ಟು, ಬ್ರಾಹ್ಮಣರ ನಡುವೆ ಸುವಾರ್ತೆ ಸಾರಿದರು. ಮೇಲ್ಜಾತಿಯ ಕ್ರೈಸ್ತರು ಜನಿವಾರ, ಜುಟ್ಟು ಉಳಿಸಿಕೊಳ್ಳಲು 1623ರಲ್ಲಿ ಹದಿನೈದನೆಯ ಗ್ರೆಗೊರಿ ಒಪ್ಪಿಗೆ ಕೊಟ್ಟರು. ಜನಿವಾರಕ್ಕೆ ರೋಮಿನಿಂದ ಪರವಾನಗಿ ಬಂತು, ಕೇರಿಯವರಿಗೆ ಬೇರೆ ಪಾದ್ರಿಗಳು ಬಂದರು. ಮೈಸೂರು ಸೀಮೆಗೆ ಹದಿನೇಳನೆಯ ಶತಮಾನದ ನಡುವಿನಲ್ಲಿ ಬಂದ ಯೇಸುಸಭೆಯ ಪಾದ್ರಿಗಳು ಹಿಡಿದದ್ದೂ ಸನ್ಯಾಸಿ ವೇಷದ ಅದೇ ದಾರಿಯನ್ನು. ಮುಂದೆ ದಕ್ಷಿಣದ ಎಷ್ಟೋ ಊರುಗಳಲ್ಲಿ ಚರ್ಚಿನೊಳಗೆ ಕೂರುವ ಜಾಗ ಬೇರೆ, ಸ್ಮಶಾನದಲ್ಲಿ ಮಲಗುವ ಜಾಗ ಬೇರೆ ಆಯಿತು. ಸತ್ತ ಮೇಲೂ ಗೋಡೆ! 2003ರಲ್ಲಿ ಎರಡನೆಯ ಜಾನ್ ಪಾಲ್ ತಮಿಳುನಾಡಿನ ಧರ್ಮಾಧ್ಯಕ್ಷರಿಗೆ ಜಾತಿ ಭೇದದ ಬಗ್ಗೆ ಎಚ್ಚರಿಕೆ ಹೇಳಬೇಕಾಯಿತು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತರಿಗಾಗಿ ಒಂದು ನೀತಿ ಹೊರತಂದು, ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡಿತು. ದೇಶದ ಸುಮಾರು 1.9 ಕೋಟಿ ಕಥೋಲಿಕರಲ್ಲಿ 1.2 ಕೋಟಿಯಷ್ಟು ದಲಿತರು ಅನ್ನೋ ಲೆಕ್ಕವೂ ಆಗ ಹೊರಬಂತು. ಅಷ್ಟು ಜನರ ನಡುವಿನಿಂದ ಮೊದಲ ದಲಿತ ಕಾರ್ಡಿನಲ್ ಬರೋಕೆ 2022 ಆಗಬೇಕಾಯಿತು: ಹೈದರಾಬಾದಿನ ಆಂತೋನಿ ಪೂಲ.

ಈ ಮೌನದ ಬೆಲೆ ಕಟ್ಟಿದವರು ನಾವು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ ದಲಿತರು, ಮುಸ್ಲಿಂ ದಲಿತರು ಹೊರಗೇ ಉಳಿದರು. ಈ ಅಡ್ಡಗೋಡೆ ತೆಗೆಯಿರಿ ಅಂತ 2007ರಲ್ಲಿ ರಂಗನಾಥ ಮಿಶ್ರ ಆಯೋಗ ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ ಅದೇ ಪ್ರಶ್ನೆಗೆ ಮತ್ತೊಂದು ಆಯೋಗ ನೇಮಿಸಿತು. ಇದೆಲ್ಲಕ್ಕಿಂತ ಮೊದಲು ಸೂಸೈ ಅನ್ನೋ ಮದ್ರಾಸಿನ ಚಪ್ಪಲಿ ಹೊಲಿಯುವವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರು. ರಸ್ತೆ ಬದಿಯ ಚಮ್ಮಾರರಿಗೆ ಸರ್ಕಾರ ಕೊಟ್ಟ ಪೆಟ್ಟಿಗೆ ಅಂಗಡಿ ಅವರಿಗೆ ಸಿಗಲಿಲ್ಲ, ಯಾಕೆಂದರೆ ಅವರು ಕ್ರೈಸ್ತರು. 1985ರ ತೀರ್ಪಿನಲ್ಲಿ ಕೋರ್ಟು ಹೇಳಿದ್ದರ ಸಾರ: ಮತಾಂತರದ ಮೇಲೂ ಜಾತಿಯ ಬಾಧೆ ಅಷ್ಟೇ ಕಟುವಾಗಿ ಕ್ರೈಸ್ತ ಸಮುದಾಯದಲ್ಲೂ ಇದೆ ಅಂತ ತೋರಿಸಬೇಕು, ಅದಕ್ಕೆ ಸಾಕಷ್ಟು ಆಧಾರ ಎದುರಿಗಿಲ್ಲ.

ಇಲ್ಲಿ ನಿಂತು ಯೋಚಿಸಿ. ಸರ್ಕಾರ ಹೇಳುತ್ತದೆ, ನಿಮ್ಮಲ್ಲಿ ಜಾತಿ ಇಲ್ಲ, ಆದ್ದರಿಂದ ಹಕ್ಕಿಲ್ಲ. ಪ್ರವಚನದ ಪೀಠ ಹೇಳುತ್ತದೆ, ಕ್ರಿಸ್ತನಲ್ಲಿ ನಾವೆಲ್ಲ ಒಂದೇ, ಜಾತಿಯ ಮಾತೆತ್ತಬೇಡಿ. ಮದುವೆಯ ಮಾತುಕತೆಗೆ ಬಂದವರು ಮಾತ್ರ ಮೂರನೇ ಮಾತಿಗೇ 'ಮೊದಲು ನೀವು ಏನಾಗಿದ್ರಿ?' ಅಂತ ಕೇಳುತ್ತಾರೆ. ಮೂವರಲ್ಲಿ ಸತ್ಯ ಆಡಿದವರು ಮದುವೆ ದಲ್ಲಾಳಿಗಳು!

2025ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗ ಮನೆಮನೆ ಸಮೀಕ್ಷೆಗೆ ಹೊರಟಾಗ, ಜಾತಿಗಳ ಹೆಸರಿನ ಜೊತೆ 'ಕ್ರಿಶ್ಚಿಯನ್' ಅಂತ ಸೇರಿದ್ದ ಹೆಸರುಗಳು ಪಟ್ಟಿಯಲ್ಲಿದ್ದವು. ದೊಡ್ಡ ಗಲಾಟೆ ಎದ್ದಿತು. ಆ ಹೆಸರುಗಳನ್ನು ಗಣತಿಯವರ ಮೊಬೈಲಿನಲ್ಲಿ ಕಾಣದ ಹಾಗೆ ಮಾಡಲಾಯಿತು. ಗಣತಿಗೆ ಬಂದ ಮೇಷ್ಟರ ಎದುರು ನಮ್ಮ ಅವ್ವಂದಿರು ತಡವರಿಸಿದರು. ಜಾತಿ ಹೇಳಿದರೆ ದೇವರಿಗೆ ದ್ರೋಹ, ಹೇಳದಿದ್ದರೆ ಮಕ್ಕಳಿಗೆ ದ್ರೋಹ. ಜಾತಿಯನ್ನು ಹೆಸರಿಸೋದೇ ಪಾಪ ಅಂತ ಕಲಿಸಿ, ಜಾತಿ ಮಾಡೋದು ಪಾಪ ಅಂತ ಕಲಿಸದೆ ಹೋದ ಉಪದೇಶದ ಫಲ ಇದು.

ಚರ್ಚು ಬದಲಾಗಲೇ ಇಲ್ಲ ಅಂತಲ್ಲ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಮೇಲೆ ಲ್ಯಾಟಿನ್ ಹೋಗಿ ಪೂಜೆ ಕನ್ನಡಕ್ಕೆ ಬಂತು. ನಮ್ಮ ಅಜ್ಜಿಯರಿಗೆ ಗುರುಗಳ ಮಾತು ಅರ್ಥವಾಯಿತು. ಇದು ಸಣ್ಣ ಕ್ರಾಂತಿಯಲ್ಲ. ಅದೇ ಹುರುಪಿನಲ್ಲಿ 1967ರಲ್ಲಿ ಬೆಂಗಳೂರಿನ ಹಚಿನ್ಸ್ ರಸ್ತೆಯಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಎದ್ದಿತು, ಬೈಬಲ್, ಉಪದೇಶ, ಆರಾಧನೆಗಳನ್ನು ಭಾರತೀಯವಾಗಿಸೋಕೆ. ಮುಂದೆ ನಿಂತವರು ಫಾದರ್ ಅಮಲೋರ್ಪವದಾಸ್. 1969ರಲ್ಲಿ ರೋಮ್ ಹನ್ನೆರಡು ಬದಲಾವಣೆಗಳಿಗೆ ಒಪ್ಪಿತು. ನೆಲದ ಮೇಲೆ ಕೂರೋದು, ಕೈಮುಗಿಯೋದು, ಪಂಚಾಂಗ ಪ್ರಣಾಮ, ದೀಪ, ಆರತಿ, ಗುರುಗಳಿಗೆ ಶಲ್ಯ. ಬಿಳಿಯರ ಅನುಕರಣೆ ಬಿಡಬೇಕು ಅನ್ನೋ ಆಸೆ ಒಳ್ಳೆಯದೇ. ಆದರೆ 'ಭಾರತೀಯ' ಅಂತ ಹುಡುಕಿ ಹೊರಟವರು ಹೋಗಿ ನಿಂತದ್ದು ಎಲ್ಲಿ? ನಮ್ಮನ್ನು ಒಳಗೆ ಬಿಡದ ಗರ್ಭಗುಡಿಯ ಮುಂದೆ. ಆರತಿ ತಟ್ಟೆ ಬಂತು, ತಮಟೆ ಬರಲಿಲ್ಲ. ಶಲ್ಯ ಬಂತು, ಕಂಬಳಿ ಬರಲಿಲ್ಲ. ಯಾವ ಮಂಗಳಾರತಿಯಿಂದ ತಪ್ಪಿಸಿಕೊಂಡು ನಮ್ಮ ತಾತಂದಿರು ಓಡಿಬಂದಿದ್ದರೋ ಅದೇ ತಟ್ಟೆ ಹಿಡಿದು ಚರ್ಚು ಎದುರಾಯಿತು. ದಲಿತ ದೈವಶಾಸ್ತ್ರ ಕಟ್ಟಿದವರು ಈ ಟೀಕೆಯನ್ನು ಎತ್ತಿದರು. ಅವರಲ್ಲಿ ಮೊದಲಿಗರಾದ ಅರವಿಂದ ನಿರ್ಮಲ್ ಪ್ರೊಟೆಸ್ಟೆಂಟರು. ಅವರು 1980ರ ದಶಕದ ಮೊದಲಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲೇ ಮಾತು ಶುರು ಮಾಡಿದರು.

ಹಾಗಾದರೆ ಪಾಪ ಅನ್ನೋ ಮಾತನ್ನೇ ಬಿಡಬೇಕೆ? ಬೇಡ. ಪಾಪ ಇದೆ. ಕಂಬಾಲಪಲ್ಲಿಯಲ್ಲಿ 2000ದಲ್ಲಿ ಏಳು ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟದ್ದು ಪಾಪ. ಆದರೆ ಅದು ಸತ್ತವರ ಜನ್ಮದಲ್ಲಿ ಇರಲಿಲ್ಲ, ಸುಟ್ಟವರ ಕೈಯಲ್ಲಿ ಇತ್ತು, ಆ ಕೈಗೆ ಧೈರ್ಯ ಕೊಟ್ಟ ವ್ಯವಸ್ಥೆಯಲ್ಲಿ ಇತ್ತು. ಲ್ಯಾಟಿನ್ ಅಮೆರಿಕದ ವಿಮೋಚನಾ ದೈವಶಾಸ್ತ್ರ ಹೇಳಿದ್ದು ಇದನ್ನೇ. ಪೆರು ದೇಶದ ಗುಸ್ತಾವೊ ಗುಟಿಯೆರೆಸ್ 1971ರ ತಮ್ಮ ಪುಸ್ತಕದಲ್ಲಿ ಪಾಪವನ್ನು ಒಬ್ಬೊಬ್ಬರ ಎದೆಯಿಂದ ಎತ್ತಿ ಸಮಾಜದ ರಚನೆಯೊಳಗೆ ಹುಡುಕಿದರು. ರೋಮ್ ಮೊದಲು ಗುರ್ ಅಂದಿತು. ಆದರೆ 1987ರಲ್ಲಿ ಎರಡನೆಯ ಜಾನ್ ಪಾಲ್ ತಮ್ಮ ಪರಿಪತ್ರದಲ್ಲಿ ಪಾಪದ ರಚನೆಗಳ ಬಗ್ಗೆ ತಾವೇ ಬರೆದರು. ಜಾತಿಗಿಂತ ಹಳೆಯ, ಜಾತಿಗಿಂತ ಗಟ್ಟಿಯಾದ ಪಾಪದ ರಚನೆ ಈ ದೇಶದಲ್ಲಿ ಯಾವುದಿದೆ?

'ಉಪದೇಶ ಬದಲಾಗೋದಿಲ್ಲ, ಅದು ದೇವರದು' ಅನ್ನೋರಿಗೆ ಒಂದು ನಿದರ್ಶನ ಸಾಕು. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸು ಸ್ವರ್ಗಕ್ಕೂ ಇಲ್ಲ, ನರಕಕ್ಕೂ ಇಲ್ಲ, 'ಲಿಂಬೊ' ಅನ್ನೋ ಜಾಗಕ್ಕೆ ಹೋಗುತ್ತದೆ ಅಂತ ಶತಮಾನಗಳ ಕಾಲ ಕಲಿಸಿದರು. ಲ್ಯಾಟಿನ್ನಿನಲ್ಲಿ ಆ ಮಾತಿಗೆ ಅಂಚು, ಸೆರಗು ಅಂತ ಅರ್ಥ. ಊರಂಚಿನ ಕೇರಿ ಅನ್ನಿ! ಎಷ್ಟು ತಾಯಂದಿರು ಕೂಸು ಕಳೆದುಕೊಂಡ ಸಂಕಟದ ಮೇಲೆ ಈ ಸಂಕಟವನ್ನೂ ಹೊತ್ತರೋ. 2007ರಲ್ಲಿ ರೋಮಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ, ಇಂಥ ಕೂಸುಗಳಿಗೂ ರಕ್ಷಣೆ ಸಿಗಬಹುದು ಅಂತ ಆಶಿಸೋಕೆ ಬಲವಾದ ಕಾರಣಗಳಿವೆ ಅಂದಿತು. ಸತ್ತ ಕೂಸುಗಳನ್ನು ಅಂಚಿನಿಂದ ಒಳಗೆ ಕರೆದುಕೊಂಡವರು ಬದುಕಿರೋ ಕೂಸುಗಳನ್ನು ಯಾಕೆ ಕರೆದುಕೊಳ್ಳಬಾರದು?

ನಾವು ಕೇಳೋದು ದೊಡ್ಡದೇನಲ್ಲ. ಏಳು ವರ್ಷದ ಮಗುವಿಗೆ ಮೊದಲ ಪಾಠ ಜನ್ಮಪಾಪ ಆಗದಿರಲಿ. ಮನುಷ್ಯ ದೇವರ ಹೋಲಿಕೆಯಲ್ಲಿ ಹುಟ್ಟಿದವನು ಅನ್ನೋ ಮಾತೂ ಅದೇ ಬೈಬಲಿನಲ್ಲಿ, ಅದೂ ಮೊದಲ ಅಧ್ಯಾಯದಲ್ಲೇ ಇದೆ. ಅದು ಮೊದಲ ಪಾಠವಾಗಲಿ. ಪಾಪನಿವೇದನೆಗೆ ಮಕ್ಕಳನ್ನು ತಯಾರು ಮಾಡುವ ಪಟ್ಟಿಯಲ್ಲಿ ಸುಳ್ಳು ಹೇಳಿದ್ದು, ಪೂಜೆ ತಪ್ಪಿಸಿದ್ದು ಇರುವ ಹಾಗೆ ಜಾತಿ ಹಿಡಿದು ಬೈದದ್ದು, ಜಾತಿ ನೋಡಿ ಊಟ ಬಿಟ್ಟದ್ದು, ಜಾತಿಗಾಗಿ ಮಗಳ ಮದುವೆ ಮುರಿದದ್ದು ಸೇರಲಿ. ಇದುವರೆಗೆ ಮಂಡಿಯೂರಿ ಪಾಪ ಒಪ್ಪಿಕೊಂಡವರು ನಾವು, ಕೇಳಿಸಿಕೊಂಡವರು ಅವರು. 2016ರಲ್ಲಿ ಕಾಗದದ ಮೇಲೆ ಒಪ್ಪಿಕೊಂಡದ್ದನ್ನು ಪ್ರತಿ ಧರ್ಮಕೇಂದ್ರದಲ್ಲಿ, ಪೂಜೆಯ ನಡುವೆ, ಕನ್ನಡದಲ್ಲಿ, ಬಾಯಿಬಿಟ್ಟು ಹೇಳಲಿ.

ಈ ಪತ್ರಿಕೆ ಓದುವ ಮೇಷ್ಟರುಗಳಲ್ಲಿ, ಉಪದೇಶಿಗಳಲ್ಲಿ, ಕಾಲೇಜು ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಜ್ಞಾನೋಪದೇಶದ ಪುಸ್ತಕವನ್ನು ಒಂದು ಸಂಜೆ ಎದುರಿಗಿಟ್ಟುಕೊಂಡು ಕೂರಿ. ಶುದ್ಧ, ಕಲೆ, ಮಲ, ಜನ್ಮ, ದಾಸ ಅನ್ನೋ ಮಾತುಗಳ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಪಕ್ಕದಲ್ಲಿ ಒಬ್ಬ ಪೌರಕಾರ್ಮಿಕರ ಮಗಳನ್ನು ಕೂರಿಸಿಕೊಂಡು ಅದೇ ಪುಟವನ್ನು ಗಟ್ಟಿಯಾಗಿ ಓದಿ. ಯಾವ ಸಾಲಿನಲ್ಲಿ ನಿಮ್ಮ ದನಿ ತಡೆಯುತ್ತದೋ ಅಲ್ಲಿಂದ ತಿದ್ದುವ ಕೆಲಸ ಶುರುವಾಗಲಿ.